ಮಡಿಕೆ ಮೊದಲೋ, ಮಸಿ ಮೊದಲೋ?



ಈ ಸಲದ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. 1994ರಿಂದ ನಾನು ನಿವೃತ್ತನಾದ 2008ರವರೆಗೆ ಹತ್ತನೆಯ ತರಗತಿಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವರೆಲ್ಲರೂ ಒಂದು ಹಳೆಯ ಹತ್ತು ರೂಪಾಯಿಯ ನೋಟನ್ನು ಕಂಡಿದ್ದೀರಿ. ಆರನೆಯ ಜಾರ್ಜ್ ದೊರೆಯ ಚಿತ್ರ, ಸಿ. ಡಿ. ದೇಶಮುಖರ ಸಹಿ, ಬಿಳಿಯ ಜಾಗದ ಮೇಲ್ಗಡೆ ಇಂಗ್ಲಿಷಿನಲ್ಲಿ ‘ಗವರ್ನ್‌ಮೆಂಟ್ ಆಫ್ ಪಾಕಿಸ್ತಾನ್’, ಕೆಳಗಡೆ ಉರ್ದುವಿನಲ್ಲಿ ‘ಹುಕೂಮತೇ ಪಾಕಿಸ್ತಾನ್’. ಕೈ ತೊಳೆದು ಬಂದವರಿಗೆ ಮಾತ್ರ ಅದನ್ನು ಮುಟ್ಟಲು ಕೊಡುತ್ತಿದ್ದೆ. “ಮುಟ್ಟಿ ನೋಡಿ, ದೇಶವಿಭಜನೆಯ ಸಾಕ್ಷಿ ಇದು” ಎನ್ನುತ್ತಿದ್ದೆ. ಆ ನೋಟು ನಿಜವಾದದ್ದೇ. ಅದರ ಮೇಲಿನ ಆ ಎರಡು ಸಾಲುಗಳು ಮಾತ್ರ ಸುಳ್ಳು. ಯಾವನೋ ಒಬ್ಬ ರಬ್ಬರ್ ಮೊಹರು ಮಾಡಿಸಿ ಒತ್ತಿದ್ದು. ಹದಿನಾಲ್ಕು ವರ್ಷಗಳ ಕಾಲ ನಾನು ನಿಮಗೆ ಸುಳ್ಳುಸಾಕ್ಷಿಯನ್ನು ತೋರಿಸಿ ಇತಿಹಾಸ ಕಲಿಸಿದ್ದೇನೆ.

ಅದು ನನ್ನ ಕೈಸೇರಿದ ಬಗೆ ಹೀಗೆ. 1994ರ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿಯ ಪೇಟೆಯ ಬೀದಿಬದಿಯಲ್ಲಿ ಭಾನುವಾರದಂದು ಹಳೆಯ ಸಾಮಾನಿನ ಸಂತೆ ಕೂಡುತ್ತದೆಯಷ್ಟೆ. ತುಕ್ಕು ಹಿಡಿದ ಬೀಗ, ನಿಂತುಹೋದ ಗಡಿಯಾರ, ಹಿತ್ತಾಳೆಯ ಚೊಂಬುಗಳ ನಡುವೆ ಒಬ್ಬಾತ ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆಗಳಲ್ಲಿ ನೋಟುಗಳನ್ನು ಹರಡಿಕೊಂಡು ಕುಳಿತಿದ್ದ. ಅದೇ ದೊರೆಯ ಸಾದಾ ನೋಟಿಗೆ ನಲವತ್ತು ರೂಪಾಯಿ, ಪಾಕಿಸ್ತಾನದ ಮುದ್ರೆಯಿದ್ದುದಕ್ಕೆ ನಾಲ್ಕು ನೂರು. ಚೌಕಾಸಿ ಮಾಡಿ ಮುನ್ನೂರೈವತ್ತಕ್ಕೆ ಇಳಿಸಿದೆ. ಇಳಿಸಿದೆನೆಂಬ ಹೆಮ್ಮೆಯಲ್ಲಿ ನೋಟನ್ನು ನೋಡುವುದನ್ನೇ ಮರೆತೆ.

ಆ ನೋಟಿನ ಹಿಂದಿರುವ ಇತಿಹಾಸ ಮಾತ್ರ ನಾನು ಹೇಳಿದಂತೆಯೇ ಇದೆ, ಅದನ್ನು ತಿದ್ದಿಕೊಳ್ಳಬೇಕಾಗಿಲ್ಲ. 1947ರಲ್ಲಿ ನೆಲ ಇಬ್ಭಾಗವಾಯಿತು, ಆದರೆ ನೋಟು ಅಚ್ಚು ಹಾಕುವ ಮುದ್ರಣಾಲಯ ನಾಸಿಕದಲ್ಲಿ ಉಳಿಯಿತು. ಕೆಲವು ಕಾಲ ನಮ್ಮ ರಿಸರ್ವ್ ಬ್ಯಾಂಕೇ ಎರಡೂ ದೇಶಗಳಿಗೆ ಬ್ಯಾಂಕಾಗಿ ಕೆಲಸ ಮಾಡಿತು. 1948ರ ಏಪ್ರಿಲಿನಿಂದ ಪಾಕಿಸ್ತಾನದ ಹೆಸರು ಹೊತ್ತ ನೋಟುಗಳು ಬಂದವು, ಆ ವರ್ಷದ ಜುಲೈ 1ರಂದು ಅಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಆರಂಭವಾಯಿತು. ನನಗೆ ತಿಳಿಯದೆ ಹೋದ, ತಿಳಿದಿರಬೇಕಾಗಿದ್ದ ಸಂಗತಿ ಒಂದೇ: ಆ ಹೆಸರನ್ನು ಅಚ್ಚಾದ ನೋಟುಗಳ ಮೇಲೆ ಯಾರೂ ಮೊಹರಿನಿಂದ ಒತ್ತಿರಲಿಲ್ಲ. ಮುದ್ರಣದ ಫಲಕದಲ್ಲಿಯೇ ಅದನ್ನು ಕೆತ್ತಿ, ನೋಟಿನೊಂದಿಗೇ ಅಚ್ಚು ಹಾಕಿದ್ದರು. ಇಷ್ಟು ತಿಳಿದಿದ್ದರೆ ಆ ಗೋಣಿಯ ಮುಂದೆ ನಾನು ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ.

ಸತ್ಯ ತಿಳಿದದ್ದು 2023ರಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಿದ್ದಳು. ಈಗ ಆಕೆ ಉರ್ದು ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಹಳೆಯ ಮಾತು ಬಂದು ನಾನು ಆಲ್ಬಮ್ ತೆಗೆದೆ. ನೋಟನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಸರ್, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು.”

“ಹೇಳಮ್ಮ.”

“ಇಲ್ಲಿ ‘ಪೇ’ ಅಕ್ಷರದ ಕೆಳಗೆ ಮೂರು ಚುಕ್ಕಿ ಇರಬೇಕು ಸರ್. ಒಂದೇ ಇದೆ. ಇದನ್ನ ಓದಿದ್ರೆ ‘ಬಾಕಿಸ್ತಾನ್’ ಅಂತ ಆಗುತ್ತೆ.”

ನಾನು ನಕ್ಕೆ. ನಗು ಅರ್ಧದಲ್ಲೇ ನಿಂತಿತು. ಇದು ಆಗಲೇ, ತರಗತಿಯಲ್ಲಿಯೇ, ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿತ್ತು ಸರ್. ಆದ್ರೆ ನೀವೇ ಹೇಳಿದ್ಮೇಲೆ ಹಳೇ ಕಾಲದಲ್ಲಿ ಹಾಗೆ ಬರೀತಿದ್ರೇನೋ ಅಂದ್ಕೊಂಡೆ. ಅದೂ ಅಲ್ದೆ ಪಾಕಿಸ್ತಾನದ ಮಾತು. ಕ್ಲಾಸಲ್ಲಿ ನಾನೇ ಎದ್ದು ನಿಂತು ಓದಿ ಹೇಳೋಕೆ ಒಂಥರಾ ಆಯ್ತು.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮುನ್ನೂರೈವತ್ತು ರೂಪಾಯಿ ಹೋದ ನೋವಲ್ಲ ಅದು. ಇಡೀ ತರಗತಿಯಲ್ಲಿ ಆ ಲಿಪಿ ಓದಬಲ್ಲ ಒಂದೇ ಮಗು ಸರಿಯಾದುದನ್ನು ಕಂಡಿತ್ತು. ಅದರ ಬಾಯಿ ಕಟ್ಟಿದ್ದು ಒಂದು, ಆ ಕಾಲದ ಗಾಳಿ. ಇನ್ನೊಂದು, ನನ್ನ ಮೇಲಿನ ಗೌರವ. ಸಂತೆಯ ಖೋಟಾ ಮುದ್ರೆಗೆ ನನ್ನ ಮೇಷ್ಟ್ರುತನವೇ ಪ್ರಮಾಣಪತ್ರವಾಗಿತ್ತು.

ಮರುದಿನ ಭೂತಗನ್ನಡಿ ಹಿಡಿದು ಕುಳಿತೆ. ನೋಟಿನ ನಡುವೆ ಹಾಗೂ ಬಿಳಿಯ ಜಾಗದಲ್ಲಿ ಹಳೆಯ ಮಡಿಕೆಗಳಿವೆ. ಅಂಚಿನ ಚಿತ್ತಾರದ ಗೆರೆಗಳು ಮಡಿಕೆಗೆ ಬಂದಲ್ಲಿ ಮಸಿ ಸವೆದು ಸಣ್ಣ ಬಿಳಿಯ ಸೀಳು ಕಾಣುತ್ತದೆ. ಅದು ಸಹಜ, ಏಕೆಂದರೆ ಮೊದಲು ಅಚ್ಚಾಯಿತು, ಆಮೇಲೆ ಯಾರದೋ ಜೇಬಿನಲ್ಲಿ ಮಡಿಸಿತು. ‘ಪಾಕಿಸ್ತಾನ್’ ಎಂಬ ಪದ ಅದೇ ಮಡಿಕೆಯನ್ನು ದಾಟುವಲ್ಲಿ ಬಿಳಿಯ ಸೀಳಿಲ್ಲ. ಬದಲಿಗೆ ಮಸಿಯು ಮುರಿದ ನಾರುಗಳೊಳಗೆ ಇಳಿದು, ಅಕ್ಕಪಕ್ಕಕ್ಕೆ ಹರಡಿ, ಅಲ್ಲಿಯೇ ಇನ್ನಷ್ಟು ಕಪ್ಪಾಗಿದೆ. ಹಿಂದೆ ಬ್ಯಾಂಕುಗಳಲ್ಲಿ ಕಂತೆಗೆ ಪಿನ್ನು ಹೊಡೆಯುತ್ತಿದ್ದ ತೂತೊಂದರ ಒಳಅಂಚಿಗೂ ಆ ಮಸಿ ಹತ್ತಿದೆ. ಎಂದರೆ ನೋಟು ಮಡಿಸಿ, ತೂತಾಗಿ, ಹಳೆಯದಾದ ಎಷ್ಟೋ ವರ್ಷಗಳ ಮೇಲೆ ಈ ಹೆಸರು ಬಂದು ಕುಳಿತಿದೆ. ಮಡಿಕೆ ಮೊದಲೋ, ಮಸಿ ಮೊದಲೋ? ಯಾವುದು ಮೊದಲು, ಯಾವುದು ಅನಂತರ ಎಂದು ಕೇಳುವುದೇ ಇತಿಹಾಸದ ಮೊದಲ ಪಾಠ ಎಂದು ನಿಮಗೆ ವರ್ಷ ವರ್ಷವೂ ಹೇಳಿದವನು ನಾನು. ಆ ಪ್ರಶ್ನೆಯನ್ನು ನನ್ನ ಕೈಯಲ್ಲಿದ್ದ ವಸ್ತುವಿಗೆ ಒಮ್ಮೆಯೂ ಕೇಳಲಿಲ್ಲ.

ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ನನ್ನ ತಂಗಿಯ ಮಗ ಒಂದು ಉಪಾಯ ಸೂಚಿಸಿದ. “ಮಾವ, ಫೋಟೋ ತೆಗೆದು ಹಾಕೋಣ. ಈಗ ಇದಕ್ಕೆ ಸಾವಿರಗಟ್ಟಲೆ ಕೊಡ್ತಾರೆ. ನಿಮಗೆ ಮೋಸ ಆಗಿದೆ, ನಿಮ್ಮ ದುಡ್ಡು ನೀವು ವಾಪಸ್ ತಗೊಂಡ್ರೆ ತಪ್ಪೇನು?” ಅವನು ಕೆಟ್ಟವನಲ್ಲ. ಈ ಮಾತನ್ನು ಓದುವನೆಂದು ತಿಳಿದೇ ಬರೆಯುತ್ತಿದ್ದೇನೆ. ಅವನ ಮಾತಿನಲ್ಲಿ ಈ ವ್ಯಾಪಾರವನ್ನು ಸಮರ್ಥಿಸುವವರ ವಾದವೆಲ್ಲ ಅಡಗಿದೆ. ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲನೆಯ ವಾದ: ಇದು ಶೋಕಿಯವರ ಆಟ, ಇದರಿಂದ ಬಡವನಿಗೇನೂ ನಷ್ಟವಿಲ್ಲ. ನಷ್ಟವಿದೆ. ಖೋಟಾ ನೋಟು ಮಾಡುವವನು ಬಿಳಿಯ ಕಾಗದದ ಮೇಲೆ ಸುಳ್ಳು ಬರೆಯುತ್ತಾನೆ. ಹಳೆಯ ನೋಟನ್ನು ತಿದ್ದುವವನು ನಿಜವಾದ ದಾಖಲೆಯ ಮೇಲೆ ಸುಳ್ಳು ಬರೆಯುತ್ತಾನೆ. ಎಪ್ಪತ್ತು ಎಂಬತ್ತು ವರ್ಷ ಕಾಲದ ಹೊಡೆತ ತಡೆದು ಉಳಿದ ಒಂದು ಕಾಗದ ಅವನ ಕೈಯಲ್ಲಿ ಹಾಳಾಗುತ್ತದೆ. ಇಂತಹ ಕೆಲಸ ಪಾಕಿಸ್ತಾನದ ಹೆಸರಿಗಷ್ಟೇ ನಿಲ್ಲದು. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಬರ್ಮಾದ ಸೇನಾಡಳಿತಕ್ಕಾಗಿ ನಮ್ಮ ನೋಟುಗಳ ಮೇಲೆ ‘ಬರ್ಮಾದಲ್ಲಿ ಮಾತ್ರ ಚಲಾವಣೆ’ ಎಂಬರ್ಥದ ಕೆಂಪು ಇಂಗ್ಲಿಷ್ ಮುದ್ರೆ ಬಂತು. ಸಾದಾ ನೋಟಿಗೂ ಹೆಚ್ಚುವರಿ ಮುದ್ರೆಯ ನೋಟಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುವಲ್ಲೆಲ್ಲ ಮೊಹರಿನವನಿಗೆ ಕೆಲಸವಿದೆ ಎಂದು ತಿಳಿಯಿರಿ.

ಎರಡನೆಯ ವಾದ: ಸಂತೆಯೆಂದರೆ ಸಂತೆ, ಕೊಳ್ಳುವವನು ಕಣ್ಣು ಬಿಟ್ಟು ನೋಡಬೇಕು. ಬಾಳೆಹಣ್ಣಿಗೆ ಈ ಮಾತು ಸರಿ. ಹಣ್ಣು ಕೊಳೆತದ್ದು ಇಬ್ಬರಿಗೂ ಕಾಣುತ್ತದೆ. ಇಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವ ಹದಿನಾಲ್ಕರ ಹುಡುಗನಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೇ ಮಾರುವವನ ಬಂಡವಾಳ. ಆದ್ದರಿಂದ ಆ ಬಂಡವಾಳವನ್ನು ಕರಗಿಸುವುದೇ ಸರಿಯಾದ ಉತ್ತರ. ನಾನು ತಡವಾಗಿ ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ. ನಿಮ್ಮ ಮಕ್ಕಳು ಇಂತಹ ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವ ಮೊದಲು ಓದಿ ಹೇಳಿ.

ಸಂಖ್ಯೆಯ ವಿಷಯ ಮೊದಲು. 786 ಇರುವ ನೋಟು, ಆರೂ ಅಂಕಿ ಒಂದೇ ಇರುವ ನೋಟು, ಹುಟ್ಟಿದ ದಿನಾಂಕದ ನೋಟು, ಇವಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡುವವರಿದ್ದಾರೆ. 3ನ್ನು 8 ಮಾಡಲು, 0ಯನ್ನು 6 ಮಾಡಲು ಬ್ಲೇಡಿನ ತುದಿ ಮತ್ತು ಒಂದು ಹನಿ ಮಸಿ ಸಾಕು. ನೋಟನ್ನು ಬೆಳಕಿಗೆ ಎದುರು ಹಿಡಿಯಿರಿ. ಕೆರೆದ ಜಾಗ ತೆಳ್ಳಗಾಗಿ ಬೆಳಕು ಹೆಚ್ಚು ಬಿಡುತ್ತದೆ. ಭೂತಗನ್ನಡಿಯಲ್ಲಿ ಅಲ್ಲಿಯ ನಾರು ಎದ್ದಿರುತ್ತದೆ. ಸಂಖ್ಯೆ ಎರಡು ಕಡೆ ಇರುವುದರಿಂದ ಎರಡನ್ನೂ ಅಂಕಿ ಅಂಕಿಗೆ ಹೋಲಿಸಿ. ಅನುಮಾನ ಬಂದ 8ನ್ನು ಅದೇ ಸರಣಿಯ ಬೇರೆ ನೋಟಿನ 8ರ ಪಕ್ಕದಲ್ಲಿಡಿ. 2015ರಿಂದ ಈಚೆಗೆ ನಮ್ಮ ನೋಟುಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುವ ಕ್ರಮ ಬಂದಿದೆ. ತಿದ್ದಿದವನು ಆ ಏರಿಕೆಯನ್ನು ಕಾಪಾಡಿದ್ದಾನೆಯೇ ನೋಡಿ.

ಎರಡನೆಯದು ‘ಮುದ್ರಣದೋಷ’ದ ನೋಟು. ಸಹಿಯಿಲ್ಲ, ಸಂಖ್ಯೆಯಿಲ್ಲ, ಮೂಲೆಯಲ್ಲಿ ಹೆಚ್ಚುವರಿ ಕಾಗದವಿದೆ ಎಂದು ಸಾವಿರಾರು ರೂಪಾಯಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: ಈ ದೋಷ ಮುದ್ರಣಾಲಯದಲ್ಲಿ ಹೇಗೆ ಆಗಿರಬಹುದು? ನೋಟುಗಳು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಆಮೇಲೆ ಕತ್ತರಿಸಲ್ಪಡುತ್ತವೆ. ಕತ್ತರಿಸುವ ಮೊದಲು ಹಾಳೆಯ ಮೂಲೆ ಮಡಿಸಿದ್ದರೆ ಆ ಕಿವಿಯಷ್ಟು ಕಾಗದ ಉಳಿದುಕೊಳ್ಳುತ್ತದೆ. ಹಾಗಿದ್ದರೆ ಅದು ನೋಟಿನದೇ ಮುಂದುವರಿದ ಕಾಗದವಾಗಿರಬೇಕು. ಬೆಳಕಿಗೆ ಹಿಡಿದಾಗ ನಡುವೆ ಅಂಟಿನ ಗೆರೆ ಕಾಣಬಾರದು. ಸಹಿಯಿಲ್ಲದ ಜಾಗದಲ್ಲಿ ಕಾಗದದ ಮೈ ಉಳಿದ ಭಾಗದಂತೆಯೇ ಇರಬೇಕು. ಅಲ್ಲಿ ಮಾತ್ರ ಒರಟಾಗಿದ್ದರೆ, ಮಾಸಿದ ಗೆರೆಯ ನೆರಳಿದ್ದರೆ, ರಾಸಾಯನಿಕದಿಂದಲೋ ರಬ್ಬರಿನಿಂದಲೋ ಅಳಿಸಿದ್ದಾರೆ. ‘ಬಣ್ಣದ ದೋಷ’ವೆಂಬುದು ಎಷ್ಟೋ ಸಲ ಬಿಸಿಲಿನದೋ ಆಮ್ಲದ್ದೋ ಕೆಲಸ.

ಮೂರನೆಯದು ಹಳೆಯದನ್ನು ಹೊಸದರಂತೆ ಮಾಡುವುದು. ಬಳಸಿದ ನೋಟನ್ನು ಸೋಪಿನ ಪುಡಿಯಲ್ಲಿ ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ‘ಬ್ಯಾಂಕಿನಿಂದ ಬಂದಂತಿದೆ’ ಎನ್ನುತ್ತಾರೆ. ನೋಟನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದು ಬೆಳಕು ಪಕ್ಕದಿಂದ ಬೀಳುವಂತೆ ಮಾಡಿದರೆ ಸತ್ತ ಮಡಿಕೆಗಳು ಏಳುತ್ತವೆ. ಅತಿನೇರಳೆ ಬೆಳಕಿನ ಸಣ್ಣ ಟಾರ್ಚು ಈಗ ಅಗ್ಗವಾಗಿ ದೊರೆಯುತ್ತದೆ. ನೋಟಿನ ಹತ್ತಿಯ ಕಾಗದ ಅದರಡಿಯಲ್ಲಿ ಮಂಕಾಗಿ ಕಾಣಬೇಕು. ಬಟ್ಟೆಗೆ ಬಿಳುಪು ಕೊಡುವ ಪುಡಿಯಲ್ಲಿ ತೊಳೆದಿದ್ದರೆ ಇಡೀ ಮೈ ನೀಲಿಯಾಗಿ ಹೊಳೆಯುತ್ತದೆ. ಇದರ ತಿರುಗುಮುರುಗೂ ಉಂಟು: ಹೊಸ ಕಾಗದದ ನಕಲನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದಾಗಿಸುವುದು. ನಿಜವಾದ ಕೊಳೆ ಮಡಿಕೆಯಲ್ಲಿ, ಅಂಚಿನಲ್ಲಿ, ಬೆರಳು ತಾಕುವ ಕಡೆ ಹೆಚ್ಚು. ಡಿಕಾಕ್ಷನ್ನಿನ ಬಣ್ಣ ಎಲ್ಲೆಡೆ ಒಂದೇ ಸಮ.

ನಾಲ್ಕನೆಯದು ಪೂರ್ತಿ ನಕಲು. 1918ರಲ್ಲಿ ಬಂದ ಎರಡು ರೂಪಾಯಿ ಎಂಟಾಣೆಯ ನೋಟು, 1978ರಲ್ಲಿ ರದ್ದಾದ ಹತ್ತು ಸಾವಿರದ ನೋಟು, ಇಂತಹವು ಸಂತೆಯ ಗೋಣಿಯ ಮೇಲೆ ಸಾವಿರ ರೂಪಾಯಿಗೆ ಸಿಕ್ಕರೆ ಅದು ನಿಮ್ಮ ಅದೃಷ್ಟವಲ್ಲ. ಭೂತಗನ್ನಡಿಯಲ್ಲಿ ನೋಡಿ: ನಿಜವಾದ ಮುದ್ರಣದಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ, ಕಂಪ್ಯೂಟರಿನ ಪ್ರಿಂಟರಿನಿಂದ ಬಂದದ್ದರಲ್ಲಿ ಗೆರೆಯೆಲ್ಲ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ನೀರಚ್ಚು ಕಾಗದದೊಳಗೆ ನೆರಳಾಗಿರಬೇಕು, ಮೇಲೆ ಬಳಿದ ಬೂದುಬಣ್ಣವಾಗಿರಬಾರದು.

ಇಷ್ಟೆಲ್ಲ ಪರೀಕ್ಷೆಗೂ ಮೊದಲಿನ ಪರೀಕ್ಷೆಯೊಂದಿದೆ. ಅದು ನಮ್ಮ ಆಸೆಯ ಪರೀಕ್ಷೆ. ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿಯ ನೋಟು ನಿಮ್ಮಲ್ಲಿದ್ದರೆ ಲಕ್ಷಾಧೀಶರಾಗುವಿರಿ ಎಂಬ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದಿವೆ. ನಮ್ಮ ಬಂಧುಗಳಲ್ಲಿಯೇ ಇಬ್ಬರು ನನಗೆ ದೂರವಾಣಿ ಮಾಡಿ, “ನಿಮ್ಮ ಹತ್ರ ಆ ನೋಟು ಇದೆಯಲ್ಲ?” ಎಂದು ವಿಚಾರಿಸಿದ್ದಾರೆ. ಇದೆ, ಹನ್ನೊಂದು ಇವೆ. ಲಕ್ಷ ಮಾತ್ರ ಬಂದಿಲ್ಲ. ಕೋಟ್ಯಂತರ ಅಚ್ಚಾಗಿ ಊರೂರು ತಿರುಗಿದ ನೋಟಿಗೆ ಲಕ್ಷ ಯಾರು ಕೊಡುತ್ತಾರೆ? ಕೊಡುವವರಿಲ್ಲ, ‘ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಳಿಸಿ’ ಎಂದು ಕೇಳುವವರಿದ್ದಾರೆ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ನೀಡಿತು: ಹಳೆಯ ನೋಟು ನಾಣ್ಯಗಳ ಇಂತಹ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳುವವರಿಗೆ ಮರುಳಾಗಬೇಡಿ ಎಂದು. ಕಾನೂನಿನ ಇನ್ನೊಂದು ಮಾತನ್ನೂ ನೆನಪಿಡಿ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು 2017ರ ಕಾಯಿದೆಯಂತೆ ಒಬ್ಬರು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ ಮಾತ್ರ. ‘ಮುಂದೆ ಬೆಲೆ ಬರುತ್ತದೆ’ ಎಂದು ಕಂತೆ ಕೊಳ್ಳುವವರು ಬೆಲೆಯ ಬದಲು ದಂಡ ತೆತ್ತಾರು.

ಇನ್ನು ಮೂರನೆಯ ವಾದ, ನನ್ನ ಅಳಿಯನದು: ನನಗೆ ಮೋಸವಾಯಿತು, ಅದನ್ನು ಮುಂದಕ್ಕೆ ದಾಟಿಸಿ ನನ್ನ ಹಣ ತೆಗೆದುಕೊಳ್ಳುತ್ತೇನೆ. ಉಳಿದೆರಡು ವಾದಗಳಿಗಿಂತ ಇದರ ಮೇಲೆ ನನಗೆ ಹೆಚ್ಚು ಕೋಪ. ಈ ದಂಧೆ ಬದುಕಿರುವುದು ಮೊಹರು ಒತ್ತುವ ನಾಲ್ಕು ಜನರಿಂದಲ್ಲ. ಮೋಸಹೋದದ್ದು ಗೊತ್ತಾದ ಮೇಲೂ ನಾಚಿಕೆಯಿಂದ ಬಾಯಿಮುಚ್ಚಿಕೊಂಡು ಇನ್ನೊಬ್ಬನ ಕೈಗೆ ದಾಟಿಸುವ ನಮ್ಮಂತಹ ಮರ್ಯಾದಸ್ಥರಿಂದ. ಒತ್ತುವವನಿಗೆ ಮುಖವಿಲ್ಲ, ನಂಬಿಕೆಯಿಲ್ಲ. ನಾವು ದಾಟಿಸುವಾಗ ನಮ್ಮ ಹೆಸರಿನ ನಂಬಿಕೆಯನ್ನೂ ಸೇರಿಸಿ ದಾಟಿಸುತ್ತೇವೆ. ನಿವೃತ್ತ ಮೇಷ್ಟ್ರು, ಮೂವತ್ತು ವರ್ಷದ ಹಳೆಯ ಸಂಗ್ರಹ ಎಂದರೆ ಯಾರು ತಾನೆ ಭೂತಗನ್ನಡಿ ತೆಗೆಯುತ್ತಾರೆ? ಸಂತೆಯಲ್ಲಿ ಮುನ್ನೂರೈವತ್ತಕ್ಕೆ ಬಂದ ಸುಳ್ಳು ನನ್ನ ಆಲ್ಬಮ್ಮಿನಿಂದ ಹೊರಟರೆ ಸಾವಿರಗಟ್ಟಲೆ ಬೆಲೆಯ ಸತ್ಯವಾಗಿಬಿಡುತ್ತದೆ. ಮೊದಲನೆಯವನು ನೋಟನ್ನು ಕೆಡಿಸಿದ. ಎರಡನೆಯವನು ಗೊತ್ತಿದ್ದೂ ಮಾರಿದರೆ ಮಾತನ್ನು ಕೆಡಿಸಿದಂತೆ.

ಹಾಗಾದರೆ ಹಳೆಯ ನೋಟು ಕೂಡಿಡುವುದೇ ತಪ್ಪೆ? ಅಲ್ಲ. ನನ್ನ ಆಲ್ಬಮ್ಮಿನಲ್ಲಿ ಹೈದರಾಬಾದ್ ಸಂಸ್ಥಾನದ ಒಂದು ರೂಪಾಯಿಯ ನೋಟಿದೆ. ನಮ್ಮ ಮನೆಯವರ ತವರು ರಾಯಚೂರು ಕಡೆಯದು. ನಮ್ಮ ಅತ್ತೆಯವರ ಅಕ್ಕಿ ಡಬ್ಬದ ಅಡಿಯಲ್ಲಿ ಸಿಕ್ಕಿದ್ದು. ಮೂಲೆ ಇಲಿ ಕಡಿದಿದೆ, ಮಾರಲು ಹೋದರೆ ಯಾರೂ ತಿರುಗಿ ನೋಡರು. ಆ ಸಂಸ್ಥಾನದ ನೋಟುಗಳಲ್ಲಿ ಉರ್ದು, ಇಂಗ್ಲಿಷ್‌ಗಳ ಜತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಮೌಲ್ಯ ಬರೆದಿರುತ್ತಿತ್ತು. ಕಲಬುರಗಿ, ಬೀದರ್, ರಾಯಚೂರಿನ ಜನ ಯಾವ ಆಳ್ವಿಕೆಯಡಿ ಬಾಳಿದರು, ಅವರ ನುಡಿಗೆ ಎಷ್ಟು ಜಾಗ ಸಿಕ್ಕಿತ್ತು ಎಂಬುದನ್ನು ಆ ಕಾಗದ ನಾನು ಪಾಠಮಾಡದೆಯೇ ಹೇಳುತ್ತದೆ. ಮೂವತ್ತು ವರ್ಷ ಅದು ಅಲ್ಲಿಯೇ ಇತ್ತು. ಬೆಲೆಯಿಲ್ಲವೆಂದು ನಾನು ಅದನ್ನು ತರಗತಿಗೆ ಒಮ್ಮೆಯೂ ತರಲಿಲ್ಲ. ನಾಲ್ಕು ನೂರು ರೂಪಾಯಿ ಹೇಳಿದ್ದ ಸುಳ್ಳನ್ನು ತಂದೆ.

ಆ ಹತ್ತು ರೂಪಾಯಿಯ ನೋಟನ್ನು ನಾನು ಹರಿದುಹಾಕಿಲ್ಲ. ಅದರ ಕಾಗದ, ಅದರ ಸಹಿ ಯಾವ ತಪ್ಪನ್ನೂ ಮಾಡಿಲ್ಲ. ಮೊದಲು ಒಂದು ಚೀಟಿ ಬರೆದು ಜತೆಗಿಟ್ಟಿದ್ದೆ. ಆಮೇಲೆ, ನಾನಿಲ್ಲದ ಮೇಲೆ ಚೀಟಿ ಎಲ್ಲಿ, ನೋಟು ಎಲ್ಲಿ ಎಂದು ಯೋಚಿಸಿ, ದಾಖಲೆಯ ಮೇಲೆ ಬರೆಯಬಾರದೆಂಬ ನನ್ನದೇ ನಿಯಮವನ್ನು ಮುರಿದು, ಹಿಂಬದಿಯ ಅಂಚಿನಲ್ಲಿ ಶಾಯಿಯಿಂದ ಬರೆದಿದ್ದೇನೆ: ‘ನೋಟು ನಿಜ, ಮುದ್ರೆ ನಕಲಿ. 2023.’ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೆ. ನಾಳೆ ನನ್ನ ಕಪಾಟು ಖಾಲಿ ಮಾಡುವಾಗ ಆ ಬರಹವನ್ನು ಯಾರೂ ಅಳಿಸಬೇಡಿ. ಅಳಿಸಿದರೂ ನಾರು ಏಳುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ವಿದ್ಯಾರ್ಥಿ ಮಿತ್ರರೇ, ಕೈ ತೊಳೆದು ಬಂದು ಆ ನೋಟು ಮುಟ್ಟಿದ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಆ ಹುಡುಗಿಯ ಮಗಳ ಮದುವೆಗೆ ಹೋದಾಗ ಅವಳಲ್ಲಿಯೂ ಕೇಳಿದೆ. “ಅಯ್ಯೋ, ಬಿಡಿ ಸರ್” ಎಂದು ಬಿರಿಯಾನಿ ಬದಲು ನನಗಾಗಿ ಬೇರೆ ಮಾಡಿಸಿದ್ದ ಪಲಾವಿನ ತಟ್ಟೆ ತಂದಿಟ್ಟಳು. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ತರಗತಿಯಲ್ಲಿ ಏನನ್ನಾದರೂ ತೋರಿಸಿದ ಮೇಲೆ, ಇದರಲ್ಲಿ ತಪ್ಪು ಕಂಡವರು ಯಾರಾದರೂ ಇದ್ದೀರಾ ಎಂದು ಒಮ್ಮೆ ಕೇಳಿ. ಕೇಳಿ, ಸ್ವಲ್ಪ ಹೊತ್ತು ಕಾಯಿರಿ.